ಪೆಟ್ಟಿಗೆಯ ಮೇಲೆ "ಜೆ. ಪಿ. ಡಿ. 1869": ಸ್ವೀಡನ್ನಿನಿಂದ ಬಂದ ಮುತ್ತಜ್ಜನನ್ನು ಹುಡುಕುವುದು ಹೇಗೆ?

ಸೂಜಿಮಲ್ಲಿಗೆ, ಮಿನ್ನೆಸೋಟ
ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿಯ ಕಡೆಯವಳು, ಹನ್ನೊಂದು ವರ್ಷಗಳಿಂದ ಮಿನ್ನಿಯಾಪೊಲಿಸ್ ಪಕ್ಕದ ಊರಿನಲ್ಲಿದ್ದೇನೆ. ನನ್ನ ಗಂಡನ ಮನೆಯವರು ಸ್ವೀಡನ್ ಮೂಲದವರು, ಮನೆತನದ ಹೆಸರು ಜಾನ್ಸನ್. ಮಾವನವರಿಗೆ ಈಗ ಎಂಬತ್ತು ವರ್ಷ. ಅವರ ನೆಲಮಾಳಿಗೆಯಲ್ಲಿ ಒಂದು ಹಳೆಯ ಮರದ ಪೆಟ್ಟಿಗೆ ಇದೆ. ನೀಲಿ ಬಣ್ಣ, ಉಬ್ಬಿದ ಮುಚ್ಚಳ, ಸುತ್ತಲೂ ಕಬ್ಬಿಣದ ಪಟ್ಟಿ. ಎದುರಿಗೆ ಬಿಳಿ ಬಣ್ಣದಲ್ಲಿ "ಜೆ. ಪಿ. ಡಿ. 1869" ಎಂದು ಬರೆದಿದೆ.

ಮನೆಯಲ್ಲಿ ಎಲ್ಲರೂ ಹೇಳುವ ಕಥೆ ಒಂದೇ. ಮಾವನವರ ಮುತ್ತಜ್ಜ, ಅಂದರೆ ಮೊದಲ ಜಾನ್ಸನ್, ಸ್ಮೋಲಾಂಡ್ ಎಂಬ ಸೀಮೆಯಿಂದ ಈ ಪೆಟ್ಟಿಗೆಯೊಂದಿಗೆ ಬಂದು ಕ್ಯಾಂಡಿಯೋಹೈ ಕೌಂಟಿಯಲ್ಲಿ 160 ಎಕರೆ ಹಿಡಿದು ಬದುಕು ಕಟ್ಟಿದ. ಆದರೆ ಜಾನ್ಸನ್ ಎಂಬ ಹೆಸರಿಗೂ ಡಿ ಅಕ್ಷರಕ್ಕೂ ಏನು ಸಂಬಂಧ? ಎರಡು ವರ್ಷಗಳಿಂದ ಹುಡುಕುತ್ತಿದ್ದೇನೆ. ಮಿನ್ನೆಸೋಟದಲ್ಲಿ ಜಾನ್ಸನ್ ಎಂದು ಹುಡುಕಿದರೆ ಸಾವಿರಾರು ಜನ ಬರುತ್ತಾರೆ, ನಮ್ಮವನು ಸಿಗುವುದಿಲ್ಲ. ಮಾವನವರು ವಾರಕ್ಕೊಮ್ಮೆಯಾದರೂ "ಏನಾದರೂ ಸಿಕ್ಕಿತೇ?" ಎಂದು ಕೇಳುತ್ತಾರೆ. ಇಂಥ ಹುಡುಕಾಟ ಮಾಡಿದವರು ಇಲ್ಲಿ ಯಾರಾದರೂ ಇದ್ದೀರಾ? ಸ್ವೀಡನ್ನಿನಲ್ಲಿರುವ ಕನ್ನಡಿಗರು ಇದ್ದರೆ ಇನ್ನೂ ಒಳ್ಳೆಯದು.

ಮಳೆಬಿಲ್ಲು, ಬೆಂಗಳೂರು
ನ್ಯೂಯಾರ್ಕಿನ ಎಲ್ಲಿಸ್ ದ್ವೀಪದ ವಲಸೆ ಅಧಿಕಾರಿಗಳು ಇಳಿದವರ ಹೆಸರುಗಳನ್ನು ಮನಬಂದಂತೆ ಬದಲಾಯಿಸುತ್ತಿದ್ದರು ಎಂದು ಕೇಳಿದ್ದೇನೆ. ಡಿ ಇದ್ದದ್ದು ಅಲ್ಲೇ ಜಾನ್ಸನ್ ಆಗಿರಬೇಕು.

ತುಂಗಾತೀರ, ಶಿವಮೊಗ್ಗ
ಮಳೆಬಿಲ್ಲು ಅವರೇ, ಈ ಮಾತು ಎಷ್ಟು ಹಬ್ಬಿದೆಯೋ ಅಷ್ಟೇ ತಪ್ಪು. ಮೊದಲನೆಯದು, ಎಲ್ಲಿಸ್ ದ್ವೀಪದ ಕೇಂದ್ರ ತೆರೆದದ್ದು 1892ರ ಜನವರಿ 1ರಂದು. 1869ರಲ್ಲಿ ನ್ಯೂಯಾರ್ಕಿಗೆ ಬಂದವರು ಇಳಿಯುತ್ತಿದ್ದುದು ಮ್ಯಾನ್‌ಹ್ಯಾಟನ್ ತುದಿಯ ಕ್ಯಾಸಲ್ ಗಾರ್ಡನ್‌ನಲ್ಲಿ. ಎರಡನೆಯದು, ಅಧಿಕಾರಿಗಳು ಹೊಸದಾಗಿ ಹೆಸರು ಬರೆದುಕೊಳ್ಳುತ್ತಿರಲಿಲ್ಲ. ಹಡಗು ಹತ್ತಿಸುವಾಗ ತಯಾರಾದ ಪಟ್ಟಿ ಅವರ ಕೈಯಲ್ಲಿರುತ್ತಿತ್ತು, ಅದನ್ನೇ ನೋಡಿ ವಿಚಾರಿಸುತ್ತಿದ್ದರು. ಹೆಸರು ಬದಲಾಯಿಸಿಕೊಂಡವರು ಬಹುತೇಕ ವಲಸಿಗರೇ: ಶಾಲೆಯಲ್ಲಿ, ಚರ್ಚಿನಲ್ಲಿ, ಕೆಲಸದ ಜಾಗದಲ್ಲಿ, ಸ್ವಲ್ಪ ಸ್ವಲ್ಪವಾಗಿ. ಯೋಹಾನ್ಸನ್ ಜಾನ್ಸನ್ ಆದ, ನಿಲ್ಸನ್ ನೆಲ್ಸನ್ ಆದ, ಸ್ವೆನ್ಸನ್ ಸ್ವಾನ್ಸನ್ ಆದ.

ಪಡುವಣ ಗಾಳಿ, ಗೋಥೆನ್‌ಬರ್ಗ್
ನಮಸ್ಕಾರ ಅಕ್ಕಾ. ನಾನು ಸ್ವೀಡನ್ನಿನಲ್ಲಿ ಒಂಬತ್ತು ವರ್ಷಗಳಿಂದ ಇದ್ದೇನೆ, ಹಳೆಯ ಸ್ವೀಡಿಷ್ ಕೈಬರಹ ಓದಲು ಸಂಜೆಯ ತರಗತಿಗೆ ಹೋಗಿ ಕಲಿತಿದ್ದೇನೆ. ನಿಮ್ಮ ಬರಹ ಓದುತ್ತಿದ್ದಂತೆ ಎದ್ದು ಕುಳಿತೆ. ಆ ಪೆಟ್ಟಿಗೆ ಮುತ್ತಜ್ಜನದಲ್ಲ! ಅದು ಮುತ್ತಜ್ಜಿಯದು.

ಡಿ ಎಂದರೆ "ಡೊತ್ತೆರ್", ಮಗಳು. ಆ ಕಾಲದ ಸ್ವೀಡನ್ನಿನ ಹಳ್ಳಿಗಳಲ್ಲಿ ಹೆಚ್ಚಿನವರಿಗೆ ಮನೆತನದ ಹೆಸರು ಎಂಬುದೇ ಇರಲಿಲ್ಲ. ಅಪ್ಪ ಪೇಟರ್ ಆದರೆ ಮಗ ಪೇಟರ್‌ಸನ್, ಮಗಳು ಪೇಟರ್ಸ್‌ಡೊತ್ತೆರ್. ಪೆಟ್ಟಿಗೆಯ ಮೇಲೆ ಬರೆಯುವಾಗ ಹೆಣ್ಣುಮಕ್ಕಳು ತಮ್ಮ ಹೆಸರಿನ ಮೊದಲ ಅಕ್ಷರ, ಅಪ್ಪನ ಹೆಸರಿನ ಮೊದಲ ಅಕ್ಷರ, ಕೊನೆಗೆ ಡಿ ಎಂದು ಬರೆಸುತ್ತಿದ್ದರು. ಮದುವೆಯಾದ ಮೇಲೂ ಅಲ್ಲಿ ಹೆಣ್ಣು ಗಂಡನ ಹೆಸರು ಹಿಡಿಯುತ್ತಿರಲಿಲ್ಲ, ಅಪ್ಪನ ಮಗಳಾಗಿಯೇ ಉಳಿಯುತ್ತಿದ್ದಳು. ಅಮೆರಿಕಕ್ಕೆ ಬಂದ ಮೇಲೆ ಡೊತ್ತೆರ್ ಬಿದ್ದುಹೋಗಿ ಪೀಟರ್ಸನ್ ಆಗಿರುತ್ತಾಳೆ, ಮದುವೆಯಾದ ಮೇಲೆ ಜಾನ್ಸನ್. ಒಬ್ಬಳೇ ಹೆಂಗಸು ಮೂರು ಹೆಸರುಗಳಲ್ಲಿ ಮರೆಯಾಗಿದ್ದಾಳೆ. ನೀವು ಎರಡು ವರ್ಷಗಳಿಂದ ಗಂಡಸನ್ನು ಹುಡುಕುತ್ತಿದ್ದೀರಿ.

ಸೂಜಿಮಲ್ಲಿಗೆ, ಮಿನ್ನೆಸೋಟ
ಕೈ ನಡುಗುತ್ತಿದೆ. ಈಗಲೇ ಮಾವನವರಿಗೆ ಫೋನ್ ಮಾಡುತ್ತೇನೆ.

ಮಳೆಬಿಲ್ಲು, ಬೆಂಗಳೂರು
ತುಂಗಾತೀರ ಮೇಷ್ಟ್ರೇ, ತಿದ್ದಿದ್ದಕ್ಕೆ ಧನ್ಯವಾದ. ಪಡುವಣ ಗಾಳಿಯವರೇ, ನಿಮ್ಮ ಉತ್ತರ ಓದಿ ಮೈ ಜುಮ್ಮೆಂದಿತು.

ಹಳೆಯ ಕಡತ, ಮೈಸೂರು
ಮೂವತ್ತು ವರ್ಷ ದಾಖಲೆಗಳ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಅಪ್ಪನ ಹೆಸರೇ ಕೊನೆಯ ಹೆಸರಾಗುವುದು ನಮಗೇನು ಹೊಸದಲ್ಲ. ಊರಿನ ಹೆಸರು, ಅಪ್ಪನ ಹೆಸರು, ಆಮೇಲೆ ನಮ್ಮ ಹೆಸರು. ಇದನ್ನು ಅಮೆರಿಕದ ಅರ್ಜಿಯ ಎರಡು ಚೌಕಗಳಲ್ಲಿ ತುಂಬಲು ಹೋಗಿ ನನ್ನ ಮಗಳ ಪಾಸ್‌ಪೋರ್ಟಿನಲ್ಲಿ ಅವಳ ಅಜ್ಜನ ಊರು ಅವಳ ಮನೆತನವಾಗಿಬಿಟ್ಟಿದೆ. ನೂರೈವತ್ತು ವರ್ಷಗಳ ನಂತರ ಅವಳ ಮರಿಮಕ್ಕಳು ಆ ಊರಿನ ಹೆಸರು ಹಿಡಿದು ಯಾವ ಮುತ್ತಜ್ಜನನ್ನು ಹುಡುಕುತ್ತಾರೋ! ಒಂದು ಪ್ರಶ್ನೆ: ಒಂದೇ ಊರಿನಲ್ಲಿ ಹತ್ತು ಜನ ಆಂಡರ್ಸನ್ ಇದ್ದರೆ ಪತ್ತೆ ಹಚ್ಚುತ್ತಿದ್ದುದು ಹೇಗೆ?

ಪಡುವಣ ಗಾಳಿ, ಗೋಥೆನ್‌ಬರ್ಗ್
ಸರ್, ಸೈನ್ಯದಲ್ಲಿ ಇದೇ ತೊಂದರೆಯಾಗಿತ್ತು. ಆಗ ಕೆಲವು ಜಮೀನುಗಳು ಸೇರಿ ಒಬ್ಬ ಸೈನಿಕನನ್ನು ಸಾಕುವ ಪದ್ಧತಿ ಇತ್ತು, ಅವನಿಗೊಂದು ಗುಡಿಸಲು, ತುಂಡು ನೆಲ. ಹೆಸರು ಕೂಗಿದಾಗ ಇಪ್ಪತ್ತು ಜನ ಓಗೊಡಬಾರದೆಂದು ಸೈನಿಕನಿಗೆ ಚಿಕ್ಕ ಹೆಸರು ಕೊಡುತ್ತಿದ್ದರು: ರಾಸ್ಕ್ ಎಂದರೆ ಚುರುಕಾದವನು, ಮೂದಿಗ್ ಎಂದರೆ ಧೈರ್ಯವಂತ, ಸ್ಟೋಲ್ ಎಂದರೆ ಉಕ್ಕು. ಇಂದಿಗೂ ಇಲ್ಲಿ ಆ ಮನೆತನದ ಹೆಸರುಗಳಿವೆ. ಉಳಿದವರನ್ನು ಪಾದ್ರಿಯ ಪುಸ್ತಕದಲ್ಲಿ ಹೊಲದ ಹೆಸರಿನಿಂದ ಗುರುತಿಸುತ್ತಿದ್ದರು.

ಪಾದ್ರಿಯ ಪುಸ್ತಕವೇ ಇಲ್ಲಿಯ ಬಂಗಾರದ ಗಣಿ. 1686ರ ಚರ್ಚ್ ಕಾನೂನಿನ ಪ್ರಕಾರ ಪಾದ್ರಿ ಮನೆಮನೆಯವರನ್ನು ಪರೀಕ್ಷಿಸಬೇಕಿತ್ತು: ಓದಲು ಬರುತ್ತದೆಯೇ, ಮಾರ್ಟಿನ್ ಲೂಥರನ ಧರ್ಮಬೋಧೆಯ ಪ್ರಶ್ನೋತ್ತರಿ ಬಾಯಿಪಾಠವಾಗಿದೆಯೇ ಎಂದು. ಅದಕ್ಕಾಗಿ ಇಟ್ಟ ಪುಸ್ತಕವೇ "ಹೂಸ್‌ಫೋರ್‌ಹೋರ್ಸ್‌ಲೆಂಗ್ಡ್". ಪ್ರತಿ ಹೊಲಕ್ಕೆ ಒಂದು ಪುಟ, ಪ್ರತಿ ಮನುಷ್ಯನಿಗೆ ಒಂದು ಸಾಲು. ಹುಟ್ಟಿದ ದಿನ, ಸಿಡುಬಿನ ಲಸಿಕೆ, ಎಲ್ಲಿಂದ ಬಂದ, ಎಲ್ಲಿಗೆ ಹೋದ, ಎಲ್ಲವೂ ಆ ಒಂದೇ ಸಾಲಿನಲ್ಲಿ. ಈ ಪುಸ್ತಕಗಳ ಚಿತ್ರಗಳನ್ನು ಸ್ವೀಡನ್ನಿನ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಜನನ, ವಿಳಾಸದ ಲೆಕ್ಕ ಚರ್ಚಿನ ಕೈಯಿಂದ ತೆರಿಗೆ ಇಲಾಖೆಗೆ ಹೋದದ್ದು 1991ರಲ್ಲಿ. ನಾನು ಇಲ್ಲಿಗೆ ಬಂದಾಗ ಹೆಸರು ಬರೆಸಿದ್ದೂ ತೆರಿಗೆ ಕಚೇರಿಯಲ್ಲೇ.

ಅಕ್ಕಾ, ನಿಮಗೆ ಬೇಕಾದದ್ದು ಒಂದೇ, ಅವಳ ಚರ್ಚಿನ ಊರು. ಸ್ಮೋಲಾಂಡ್ ಎಂದರೆ ಸಾಲದು. ಪೆಟ್ಟಿಗೆಯೊಳಗೆ ಏನಾದರೂ ಇದೆಯೇ? ಬೈಬಲ್, ಕೀರ್ತನೆಯ ಪುಸ್ತಕ, ಕಾಗದ?

ನಂದಿಬಟ್ಟಲು, ಶಿಕಾಗೊ
ನಮ್ಮ ಊರಿನ ಮಾತೂ ಸೇರಲಿ. 1900ರ ಸುಮಾರಿಗೆ ಸ್ಟಾಕ್‌ಹೋಮ್ ಬಿಟ್ಟರೆ ಅತಿ ಹೆಚ್ಚು ಸ್ವೀಡಿಷರು ಇದ್ದ ನಗರ ಶಿಕಾಗೊ. ನಮ್ಮ ಮನೆಯ ಹತ್ತಿರದ ಆಂಡರ್ಸನ್‌ವಿಲ್ ಬಡಾವಣೆಯಲ್ಲಿ ಇಂದಿಗೂ ಸ್ವೀಡನ್ನಿನ ನೀಲಿ-ಹಳದಿ ಬಾವುಟ ಹಾರುತ್ತದೆ. ಒಂಟಿ ಹುಡುಗಿಯರು ಸಾವಿರಗಟ್ಟಲೆ ಇಲ್ಲಿಗೆ ಬಂದು ಸಿರಿವಂತರ ಮನೆಗಳಲ್ಲಿ ಕೆಲಸಕ್ಕೆ ಸೇರುತ್ತಿದ್ದರು. ಸ್ವೀಡನ್ನಿನಲ್ಲಿ "ಪೀಗ", ಅಂದರೆ ಮನೆಗೆಲಸದ ಹೆಣ್ಣು, ವರ್ಷದ ಕರಾರಿನಲ್ಲಿ ದುಡಿಯಬೇಕು. ದನದ ಕೊಟ್ಟಿಗೆಯಿಂದ ಹೊಲದವರೆಗೆ ಎಲ್ಲ ಕೆಲಸವೂ ಅವಳದೇ. ಇಲ್ಲಿ ಅದೇ ಹುಡುಗಿಗೆ ಕೈಗೆ ಸಂಬಳ, ವಾರದಲ್ಲಿ ಬಿಡುವು. ಊರಿಗೆ ಬರೆದ ಕಾಗದಗಳಲ್ಲಿ ಈ ಮಾತು ಬಂದರೆ ಮುಂದಿನ ವರ್ಷ ತಂಗಿಯೂ ಹಡಗು ಹತ್ತುತ್ತಿದ್ದಳು.

ಹೆಸರು ಬದಲಾಯಿಸಿದವರ ಮಾತು ಬಂತಲ್ಲ, ಓಲಾ ಮೋನ್ಸನ್ ಎಂಬವರ ಕಥೆ ಕೇಳಿ. ಸ್ವೀಡನ್ನಿನ ಸಂಸತ್ತಿನಲ್ಲಿ ರೈತರ ಪ್ರತಿನಿಧಿಯಾಗಿದ್ದವರು. ಬ್ಯಾಂಕಿನ ಹಣದ ವಿಷಯದಲ್ಲಿ ಆರೋಪ ಬಂತು. 1859ರಲ್ಲಿ ಹೆಂಡತಿಯನ್ನು ಬಿಟ್ಟು, ಪ್ರೀತಿಸಿದ ಯುವತಿಯನ್ನೂ ಅವಳಿಂದ ಹುಟ್ಟಿದ ಹಸುಗೂಸನ್ನೂ ಕರೆದುಕೊಂಡು ಮಿನ್ನೆಸೋಟಕ್ಕೆ ಬಂದು ಆಗಸ್ಟ್ ಲಿಂಡ್‌ಬರ್ಗ್ ಎಂದು ಹೆಸರಿಟ್ಟುಕೊಂಡರು. ಮರ ಕೊಯ್ಯುವ ಗಿರಣಿಯ ಗರಗಸಕ್ಕೆ ಸಿಕ್ಕಿ ಒಂದು ಕೈಯೇ ಹೋಯಿತು, ಆದರೂ ಒಕ್ಕಲುತನ ಬಿಡಲಿಲ್ಲ. ಆ ಹಸುಗೂಸು ಮುಂದೆ ಅಮೆರಿಕದ ಸಂಸತ್ತಿನ ಸದಸ್ಯನಾಯಿತು. ಮೊಮ್ಮಗ ಚಾರ್ಲ್ಸ್ ಲಿಂಡ್‌ಬರ್ಗ್ 1927ರಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸ್ಸಿಗೆ ಒಬ್ಬನೇ ವಿಮಾನ ಹಾರಿಸಿದ.

ಕಾಫಿ ಕಣಜ, ಚಿಕ್ಕಮಗಳೂರು
ಇಷ್ಟೊಂದು ಜನ ಯಾಕೆ ಊರು ಬಿಟ್ಟರು? ಸ್ವೀಡನ್ ಎಂದರೆ ಸಿರಿವಂತ ದೇಶವೆಂದೇ ನಾವು ಓದಿದ್ದು.

ತುಂಗಾತೀರ, ಶಿವಮೊಗ್ಗ
ಇಂದಿನ ಸ್ವೀಡನ್ನನ್ನು ನೋಡಿ ಅಂದಿನದನ್ನು ಊಹಿಸಬೇಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಜನಸಂಖ್ಯೆ ಬೆಳೆಯಿತು. "ಶಾಂತಿ, ಲಸಿಕೆ ಮತ್ತು ಆಲೂಗಡ್ಡೆ" ಇದಕ್ಕೆ ಕಾರಣವೆಂದು ಬಿಷಪ್ ಎಸಾಯಸ್ ಟೆಗ್ನೇರ್ ಹೇಳಿದ ಮಾತು ಅಲ್ಲಿ ಎಲ್ಲರ ಬಾಯಲ್ಲಿದೆ. ಮಕ್ಕಳು ಬದುಕಿ ಉಳಿದರು, ನೆಲ ಮಾತ್ರ ಹಿಗ್ಗಲಿಲ್ಲ. ಸ್ಮೋಲಾಂಡ್ ಅಂತೂ ಕಲ್ಲಿನ ಸೀಮೆ. ಗದ್ದೆಯಿಂದ ಎತ್ತಿದ ಕಲ್ಲುಗಳನ್ನು ಪೇರಿಸಿ ಕಟ್ಟಿದ ಬೇಲಿಗೋಡೆಗಳು ಇಂದಿಗೂ ಅಲ್ಲಿ ಮೈಲಿಗಟ್ಟಲೆ ಇವೆ. ಅದರ ಮೇಲೆ 1867ರಲ್ಲಿ ವಿಪರೀತ ಚಳಿ ಮತ್ತು ಮಳೆ, 1868ರಲ್ಲಿ ಬರ, 1869ರಲ್ಲಿ ಹಸಿವು. ಈ ಮೂರನ್ನು ಸ್ವೀಡಿಷರು ಒದ್ದೆಯ ವರ್ಷ, ಒಣ ವರ್ಷ, ಕಡುಕಷ್ಟದ ವರ್ಷ ಎಂದೇ ಕರೆಯುತ್ತಾರೆ. ಹಿಟ್ಟಿಗೆ ಮರದ ತೊಗಟೆ ಬೆರೆಸಿ ರೊಟ್ಟಿ ಮಾಡಿ ತಿಂದ ಕಾಲ. ಪೆಟ್ಟಿಗೆಯ ಮೇಲಿನ ಇಸವಿ ನೋಡಿ: 1869!

1840ರ ದಶಕದಿಂದ 1920ರ ದಶಕದವರೆಗೆ ಒಟ್ಟು ಸುಮಾರು 13 ಲಕ್ಷ ಜನ ದೇಶ ಬಿಟ್ಟರು. 1900ರಲ್ಲಿ ಆ ದೇಶದ ಜನಸಂಖ್ಯೆ ಸುಮಾರು 51 ಲಕ್ಷ ಎಂದರೆ ಲೆಕ್ಕ ಹಾಕಿಕೊಳ್ಳಿ. ಸರ್ಕಾರವೇ ಗಾಬರಿಯಾಗಿ 1907ರಲ್ಲಿ ವಿಚಾರಣಾ ಆಯೋಗ ನೇಮಿಸಿತು.

ಬೆಳ್ಳಿಚುಕ್ಕಿ, ಸೇಂಟ್ ಪಾಲ್
ಹಸಿವು ಮಾತ್ರ ಕಾರಣವಲ್ಲ, ಕರೆಯುವವರೂ ಇದ್ದರು. ಮಿನ್ನೆಸೋಟ ರಾಜ್ಯಕ್ಕೂ ರೈಲು ಕಂಪನಿಗಳಿಗೂ ಒಕ್ಕಲುಗಳು ಬೇಕಿದ್ದವು. ಹಾನ್ಸ್ ಮ್ಯಾಟ್ಸನ್ ಎಂಬ ಸ್ವೀಡಿಷ್ ವಲಸಿಗ, ಅಮೆರಿಕದ ಅಂತರ್ಯುದ್ಧದಲ್ಲಿ ಕರ್ನಲ್ ಆಗಿದ್ದವರು, ರಾಜ್ಯದ ವಲಸೆ ಮಂಡಳಿಯ ಕಾರ್ಯದರ್ಶಿಯಾಗಿದ್ದರು. 1868-69ರ ಚಳಿಗಾಲದಲ್ಲಿ ಸ್ವೀಡನ್ನಿಗೆ ಹೋಗಿ, ಹಿಂದಿರುಗುವಾಗ ನೂರಾರು ಜನರನ್ನು ಕರೆತಂದರು. ನಿಮಗೆಲ್ಲ ಅಚ್ಚರಿಯಾಗುವ ಸಂಗತಿ: ಇದೇ ಮ್ಯಾಟ್ಸನ್ 1881ರಿಂದ 1883ರವರೆಗೆ ಅಮೆರಿಕದ ಕಾನ್ಸುಲ್ ಜನರಲ್ ಆಗಿ ನಮ್ಮ ಕಲ್ಕತ್ತೆಯಲ್ಲಿದ್ದರು.

ಕ್ಯಾಂಡಿಯೋಹೈ ಕೌಂಟಿಯ ವಿಲ್ಮರ್ ಊರಿಗೆ ರೈಲು ಬಂದದ್ದೂ 1869ರಲ್ಲೇ. ನಿಮ್ಮ ಮುತ್ತಜ್ಜಿ ಕೊನೆಯ ದಾರಿಯನ್ನು ಎತ್ತಿನ ಗಾಡಿಯಲ್ಲಲ್ಲ, ರೈಲಿನಲ್ಲೇ ಕ್ರಮಿಸಿರಬಹುದು.

ಸೂಜಿಮಲ್ಲಿಗೆ, ಮಿನ್ನೆಸೋಟ
ಮಾವನವರ ಮನೆಯಿಂದ ಬರೆಯುತ್ತಿದ್ದೇನೆ. ಪೆಟ್ಟಿಗೆಯ ಒಳಗೆ ಎಡಬದಿಗೆ ಸಣ್ಣ ಖಾನೆ ಇದೆ. ಅದರಲ್ಲಿ ಕಪ್ಪು ರಟ್ಟಿನ ಒಂದು ಕೀರ್ತನೆಯ ಪುಸ್ತಕ ಇತ್ತು, ಯಾರೂ ಬಿಡಿಸಿ ನೋಡಿರಲಿಲ್ಲ. ಮೊದಲ ಪುಟದಲ್ಲಿ ಶಾಯಿಯಿಂದ ಅವಳ ಪೂರ್ತಿ ಹೆಸರು, ಕೆಳಗೆ "ಲಿನ್ನೆರಿಡ್" ಎಂದು ಬರೆದಿದೆ. ಹೆಸರನ್ನು ಇಲ್ಲಿ ಹಾಕುವುದಿಲ್ಲ, ಮಾವನವರ ಒಪ್ಪಿಗೆ ಕೇಳಿಲ್ಲ. ಪಡುವಣ ಗಾಳಿಯವರಿಗೆ ಬೇರೆಯಾಗಿ ಕಳುಹಿಸಿದ್ದೇನೆ.

ಪಡುವಣ ಗಾಳಿ, ಗೋಥೆನ್‌ಬರ್ಗ್
ಲಿನ್ನೆರಿಡ್ ಸ್ಮೋಲಾಂಡಿನ ದಕ್ಷಿಣದಲ್ಲಿದೆ, ವೆಕ್ಷೋ ಪಟ್ಟಣದ ಕಡೆ. ಇನ್ನು ಸುಲಭ. ಇನ್ನೊಂದು ಅದೃಷ್ಟ ಏನೆಂದರೆ, ನಮ್ಮ ಗೋಥೆನ್‌ಬರ್ಗ್ ಪೊಲೀಸರು ಹೊರಡುವವರ ಪಟ್ಟಿ ಇಡಲು ಆರಂಭಿಸಿದ್ದು 1869ರಿಂದಲೇ. ಹಡಗಿನ ಏಜೆಂಟರು ಪ್ರತಿ ಪ್ರಯಾಣಿಕರ ಹೆಸರು, ವಯಸ್ಸು, ಊರು, ತಲುಪಬೇಕಾದ ಜಾಗ ಬರೆದುಕೊಡಬೇಕಿತ್ತು. ಶನಿವಾರ ಕುಳಿತು ನೋಡುತ್ತೇನೆ.

ಕಾಫಿ ಕಣಜ, ಚಿಕ್ಕಮಗಳೂರು
ಗೋಥೆನ್‌ಬರ್ಗಿನಿಂದ ನೇರವಾಗಿ ಅಮೆರಿಕಕ್ಕೆ ಹಡಗೇ?

ಪಡುವಣ ಗಾಳಿ, ಗೋಥೆನ್‌ಬರ್ಗ್
ಹೆಚ್ಚಿನವರಿಗೆ ನೇರವಲ್ಲ. ಇಲ್ಲಿಂದ ವಿಲ್ಸನ್ ಕಂಪನಿಯ ಹಡಗಿನಲ್ಲಿ ಉತ್ತರ ಸಮುದ್ರ ದಾಟಿ ಇಂಗ್ಲೆಂಡಿನ ಹಲ್, ಅಲ್ಲಿಂದ ರೈಲಿನಲ್ಲಿ ಲಿವರ್‌ಪೂಲ್, ಅಲ್ಲಿಂದ ದೊಡ್ಡ ಉಗಿಹಡಗು. ಹಾಯಿಹಡಗಿನ ಕಾಲದಲ್ಲಿ ಅಟ್ಲಾಂಟಿಕ್ ದಾಟಲು ಆರು ವಾರದಿಂದ ಎರಡು ತಿಂಗಳಿಗೂ ಮಿಕ್ಕಿ ಹಿಡಿಯುತ್ತಿತ್ತು. ಉಗಿಹಡಗು ಬಂದ ಮೇಲೆ ಎರಡು ವಾರದೊಳಗೆ ಮುಗಿಯುತ್ತಿತ್ತು. ಇಂಗ್ಲಿಷಿನ ಒಂದು ಅಕ್ಷರವೂ ಗೊತ್ತಿಲ್ಲದ ಹಳ್ಳಿಯ ಹುಡುಗಿ ಲಿವರ್‌ಪೂಲಿನ ಜನಜಂಗುಳಿಯಲ್ಲಿ ಪೆಟ್ಟಿಗೆ ಕಾಯುತ್ತಾ ನಿಂತದ್ದನ್ನು ನೆನೆದರೆ ನನಗೆ ಗಂಟಲು ಕಟ್ಟುತ್ತದೆ. ನಾನು ವಿಮಾನದಲ್ಲಿ ಬಂದವನು, ಆದರೂ ಮೊದಲ ರಾತ್ರಿ ನಿದ್ದೆ ಬಂದಿರಲಿಲ್ಲ.

ಜೋಳದ ರೊಟ್ಟಿ, ವಿಜಯಪುರ
ಎಲ್ಲ ಸರಿ. ಆದರೆ "160 ಎಕರೆ ಹಿಡಿದು ಬದುಕು ಕಟ್ಟಿದ" ಎಂಬ ಮಾತನ್ನು ಹಾಗೇ ಬಿಡಲು ನನ್ನಿಂದಾಗದು. ಆ ನೆಲ ಯಾರದು? ಅಲ್ಲಿಯ ಮೂಲನಿವಾಸಿಗಳಾದ ಡಕೋಟಾ ಜನರದು. 1851ರ ಒಪ್ಪಂದಗಳಲ್ಲಿ ಅವರ ನೆಲ ಬರೆಸಿಕೊಂಡರು. ಕೊಡಬೇಕಾದ ಹಣ ಸಮಯಕ್ಕೆ ಬರಲಿಲ್ಲ, ಜನ ಹಸಿದರು, 1862ರ ಆಗಸ್ಟಿನಲ್ಲಿ ಯುದ್ಧವಾಯಿತು. ಆ ಡಿಸೆಂಬರ್ 26ರಂದು ಮ್ಯಾಂಕಾಟೊದಲ್ಲಿ 38 ಡಕೋಟಾ ಗಂಡಸರನ್ನು ಒಟ್ಟಿಗೆ ಗಲ್ಲಿಗೇರಿಸಿದರು. ಮರುವರ್ಷ ಉಳಿದವರನ್ನು ರಾಜ್ಯದಿಂದಲೇ ಹೊರಹಾಕಿದರು. ಒಕ್ಕಲುಗಳಿಗೆ 160 ಎಕರೆ ಸರ್ಕಾರಿ ನೆಲ ಕೊಡುವ ಹೋಮ್‌ಸ್ಟೆಡ್ ಕಾನೂನಿಗೆ ಲಿಂಕನ್ ಸಹಿ ಹಾಕಿದ್ದು ಅದೇ 1862ರ ಮೇ ತಿಂಗಳಲ್ಲಿ. ಒಬ್ಬರು ಹೊಸದಾಗಿ ಬದುಕು ಕಟ್ಟಿದ ಜಾಗ ಇನ್ನೊಬ್ಬರ ಬದುಕು ಕಿತ್ತ ಜಾಗ. ಇದನ್ನು ಹೇಳದೆ ಮುತ್ತಜ್ಜಿಯ ಕಥೆ ಹೇಳಬಾರದು.

ಬೆಳ್ಳಿಚುಕ್ಕಿ, ಸೇಂಟ್ ಪಾಲ್
ಒಪ್ಪುತ್ತೇನೆ. ಆದರೆ ಕ್ಯಾಂಡಿಯೋಹೈ ಕೌಂಟಿಯವರು ಇದನ್ನು ಮರೆತಿಲ್ಲ ಎಂದೂ ಹೇಳಬೇಕು. ಆ ಆಗಸ್ಟಿನಲ್ಲಿ ಆ ಭಾಗದ ವೆಸ್ಟ್ ಲೇಕ್ ಬಳಿ ಸ್ವೀಡಿಷ್ ಕುಟುಂಬಗಳ ಮೇಲೆ ದಾಳಿಯಾಗಿ ಮಕ್ಕಳೂ ಸತ್ತರು. ಉಳಿದವರು ಓಡಿಹೋಗಿ, ವರ್ಷಗಟ್ಟಲೆ ಆ ಸೀಮೆ ಪಾಳುಬಿದ್ದಿತ್ತು. 1869ರಲ್ಲಿ ಬಂದ ಹುಡುಗಿಗೆ ಈ ಸುದ್ದಿ ಕಿವಿಗೆ ಬೀಳದೆ ಇರಲು ಸಾಧ್ಯವಿಲ್ಲ. ಹಸಿದು ಬಂದವಳನ್ನು ಅಪರಾಧಿ ಎನ್ನಲು ನನ್ನ ಮನಸ್ಸು ಒಪ್ಪದು.

ಜೋಳದ ರೊಟ್ಟಿ, ವಿಜಯಪುರ
ಅವಳನ್ನು ಅಪರಾಧಿ ಎಂದಿಲ್ಲ. ಖಾಲಿ ನೆಲ ಎಂಬ ಸುಳ್ಳನ್ನು ಬೇಡ ಎಂದೆ, ಅಷ್ಟೇ.

ಸೂಜಿಮಲ್ಲಿಗೆ, ಮಿನ್ನೆಸೋಟ
ಜೋಳದ ರೊಟ್ಟಿಯವರ ಮಾತು ಸರಿ. ಮೊದಲ ಬರಹದಲ್ಲಿ ಮನೆಯವರ ಮಾತನ್ನೇ ಒಪ್ಪಿಸಿದ್ದೆ, ಇನ್ನು ಮೇಲೆ ಹಾಗೆ ಬರೆಯುವುದಿಲ್ಲ.

ಹಳೆಯ ಕಡತ, ಮೈಸೂರು
ತಾಯೀ, ಆ 160 ಎಕರೆಯ ಕಡತವನ್ನೂ ಹುಡುಕಿಸಿ. ಐದು ವರ್ಷ ಅಲ್ಲೇ ವಾಸಿಸಿ, ಉಳುಮೆ ಮಾಡಿ, ಸಾಕ್ಷಿ ಕೊಟ್ಟ ಮೇಲಷ್ಟೇ ಹಕ್ಕುಪತ್ರ ಸಿಗುತ್ತಿತ್ತು. ಸಾಕ್ಷಿ ಹೇಳಿಕೆಗಳಲ್ಲಿ ಮನೆಯ ಅಳತೆ, ಎಷ್ಟು ಎಕರೆ ಉತ್ತಿದ್ದಾರೆ, ಬಾವಿ ಇದೆಯೇ ಎಂಬುದೆಲ್ಲ ಇರುತ್ತದೆ. ಈ ಕಡತಗಳು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಇನ್ನೊಂದು ಮುಖ್ಯ ಮಾತು: ಇಪ್ಪತ್ತೊಂದು ತುಂಬಿದ ಅವಿವಾಹಿತ ಹೆಣ್ಣಿಗೂ ತನ್ನ ಹೆಸರಿನಲ್ಲೇ ಅರ್ಜಿ ಹಾಕುವ ಹಕ್ಕಿತ್ತು. ಆದ್ದರಿಂದ ಪೀಟರ್ಸನ್ ಎಂಬ ಹೆಸರಿನಲ್ಲೂ ನೋಡಿಸಿ. ಪೌರತ್ವದ ಕಾಗದದಲ್ಲಿ ಮಾತ್ರ ಅವಳನ್ನು ಹುಡುಕಬೇಡಿ. ಆಗ ಗಂಡನ ಪೌರತ್ವವೇ ಹೆಂಡತಿಯದು, ಅವಳಿಗೆ ಬೇರೆ ಕಾಗದವಿಲ್ಲ. 1890ರ ಜನಗಣತಿಯನ್ನೂ ನೆಚ್ಚಬೇಡಿ, 1921ರ ಬೆಂಕಿಯಿಂದಾಗಿ ಹೆಚ್ಚುಕಡಿಮೆ ಪೂರ್ತಿ ನಷ್ಟವಾಯಿತು. ಮಿನ್ನೆಸೋಟ ರಾಜ್ಯವೇ 1885 ಮತ್ತು 1895ರಲ್ಲಿ ಮಾಡಿದ ಗಣತಿಗಳು ಉಳಿದಿವೆ.

ಕಾಫಿ ಕಣಜ, ಚಿಕ್ಕಮಗಳೂರು
ಇಷ್ಟೆಲ್ಲ ಓದಿದ ಮೇಲೆ ಒಂದು ಪ್ರಶ್ನೆ. ಸ್ವೀಡಿಷರು ಕಾಫಿ ಕುಡಿಯುವುದರಲ್ಲಿ ಬಹಳ ಮುಂದು ಎಂದು ನಮ್ಮ ತೋಟಕ್ಕೆ ಬಂದ ವ್ಯಾಪಾರಿಯೊಬ್ಬರು ಹೇಳಿದ್ದರು, ನಿಜವೇ?

ಬೆಳ್ಳಿಚುಕ್ಕಿ, ಸೇಂಟ್ ಪಾಲ್
ನಿಜ! ಇಲ್ಲಿಯ ಚರ್ಚುಗಳಲ್ಲಿ ಅವರು "ಮೊಟ್ಟೆ ಕಾಫಿ" ಮಾಡುತ್ತಾರೆ. ಕಾಫಿಪುಡಿಗೆ ಒಂದು ಮೊಟ್ಟೆ ಒಡೆದು ಕಲಸಿ ಕುದಿಯುವ ನೀರಿಗೆ ಹಾಕುತ್ತಾರೆ, ಚರಟವೆಲ್ಲ ಮೊಟ್ಟೆಗೆ ಅಂಟಿ ಕೆಳಗಿಳಿಯುತ್ತದೆ, ಮೇಲಿನ ಕಾಫಿ ಜೇನಿನ ಬಣ್ಣದಲ್ಲಿ ತಿಳಿಯಾಗಿರುತ್ತದೆ. ಮಿನ್ನೆಸೋಟ ರಾಜ್ಯದ ಜಾತ್ರೆಯಲ್ಲಿ ಕುಡಿದಿದ್ದೇನೆ. ಕಹಿಯೇ ಇಲ್ಲ. ಲಿಂಡ್‌ಸ್ಟ್ರೋಮ್ ಎಂಬ ಊರಿನಲ್ಲಿ ನೀರಿನ ಟ್ಯಾಂಕನ್ನೇ ಕಾಫಿ ಕೆಟಲಿನ ಆಕಾರದಲ್ಲಿ ಮಾಡಿದ್ದಾರೆ.

ಕಾಫಿ ಕಣಜ, ಚಿಕ್ಕಮಗಳೂರು
ಕಾಫಿಗೆ ಮೊಟ್ಟೆಯೇ? ನಮ್ಮ ಅಜ್ಜಿ ಕೇಳಿದ್ದರೆ ಅಡುಗೆಮನೆಯಿಂದಲೇ ಎದ್ದು ಹೋಗುತ್ತಿದ್ದರು. ಆದರೂ ಒಮ್ಮೆ ಮಾಡಿ ನೋಡುತ್ತೇನೆ.

ನಂದಿಬಟ್ಟಲು, ಶಿಕಾಗೊ
ಲಿಂಡ್‌ಸ್ಟ್ರೋಮ್ ಎಂದಾಗ ನೆನಪಾಯಿತು. ಆ ಊರಿನ ಹೆಸರಿನಲ್ಲಿ "ಓ" ಅಕ್ಷರದ ಮೇಲೆ ಎರಡು ಚುಕ್ಕೆ ಇರಬೇಕು. ಹೆದ್ದಾರಿಯ ಹೊಸ ಫಲಕಗಳಲ್ಲಿ ಚುಕ್ಕೆ ಬಿಟ್ಟರು. ಊರಿನವರು ಸಿಟ್ಟಾದರು. 2015ರಲ್ಲಿ ರಾಜ್ಯಪಾಲ ಮಾರ್ಕ್ ಡೇಟನ್ ಆದೇಶ ಹೊರಡಿಸಿ ಚುಕ್ಕೆಗಳನ್ನು ಮರಳಿ ಹಾಕಿಸಿದರು. ಎರಡು ಚುಕ್ಕೆಗಾಗಿ ರಾಜ್ಯಪಾಲರ ಆದೇಶ! ಆದರೆ ಆ ಊರಿನ ಮಕ್ಕಳಲ್ಲಿ ಎಷ್ಟು ಜನಕ್ಕೆ ಸ್ವೀಡಿಷ್ ಬರುತ್ತದೆ? ಅಕ್ಷರದ ಮೇಲಿನ ಚುಕ್ಕೆ ಉಳಿಯಿತು, ಮಾತು ಹೋಯಿತು. ನನ್ನ ಮಕ್ಕಳಿಗೆ ಭಾನುವಾರ ಕನ್ನಡ ಕಲಿಸುವಾಗಲೆಲ್ಲ ಈ ಸಂಗತಿ ನನ್ನನ್ನು ಕಾಡುತ್ತದೆ.

ತುಂಗಾತೀರ, ಶಿವಮೊಗ್ಗ
ತಾನಾಗಿ ಹೋದದ್ದಷ್ಟೇ ಅಲ್ಲ, ಹೆದರಿಸಿಯೂ ಬಿಡಿಸಿದರು. 1918ರಲ್ಲಿ, ಮಹಾಯುದ್ಧದ ಕಾಲ, ಪಕ್ಕದ ಅಯೋವಾ ರಾಜ್ಯದ ರಾಜ್ಯಪಾಲ ಹಾರ್ಡಿಂಗ್ ಸಾರ್ವಜನಿಕ ಸ್ಥಳ, ಶಾಲೆ, ಚರ್ಚು, ಕೊನೆಗೆ ಟೆಲಿಫೋನಿನಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಬಾರದೆಂದು ಘೋಷಿಸಿದ. ಜರ್ಮನ್ನರಿಗೆಂದು ಬೀಸಿದ ಬಲೆಯಲ್ಲಿ ಸ್ವೀಡಿಷರೂ ಸಿಕ್ಕಿಕೊಂಡರು. 1920ರ ದಶಕದ ಹೊತ್ತಿಗೆ ಅವರ ಚರ್ಚುಗಳು ಒಂದೊಂದಾಗಿ ಇಂಗ್ಲಿಷಿಗೆ ಹೊರಳಿದವು.

ಪಡುವಣ ಗಾಳಿ, ಗೋಥೆನ್‌ಬರ್ಗ್
ಸಿಕ್ಕಿದಳು. ಗೋಥೆನ್‌ಬರ್ಗಿನ ಪಟ್ಟಿಯಲ್ಲಿ ಅವಳಿದ್ದಾಳೆ: 1869, ಪೀಗ, ವಯಸ್ಸು 22, ಲಿನ್ನೆರಿಡ್. ಜೊತೆಗೆ ಯಾರೂ ಇಲ್ಲ, ಒಬ್ಬಳೇ. ಚರ್ಚಿನ ಪುಸ್ತಕದಲ್ಲೂ ಸಿಕ್ಕಿದಳು. ಅವಳ ಸಾಲಿನ ಮೇಲೆ ಅಡ್ಡಗೀಟು ಎಳೆದಿದೆ. ಗೀಟು ಎಂದರೆ ಸತ್ತಳೆಂದಲ್ಲ, ಊರು ಬಿಟ್ಟಳೆಂದು. ಕೊನೆಯ ಅಂಕಣದಲ್ಲಿ ಪಾದ್ರಿ ಬರೆದಿದ್ದಾರೆ: "ಉತ್ತರ ಅಮೆರಿಕಕ್ಕೆ".

ಅಕ್ಕಾ, ಇನ್ನೊಂದು ವಿಷಯವಿದೆ. ಇಲ್ಲಿ ಬರೆಯಲೇ ಬೇಡವೇ ತಿಳಿಯದೆ ನಿಮಗೆ ಬೇರೆಯಾಗಿ ಕಳುಹಿಸಿದ್ದೇನೆ. ಮೊದಲು ಅದನ್ನು ಓದಿ.

ಸೂಜಿಮಲ್ಲಿಗೆ, ಮಿನ್ನೆಸೋಟ
ಓದಿದೆ. ರಾತ್ರಿಯಿಡೀ ಯೋಚಿಸಿದೆ. ಗಂಡನೂ ಇಲ್ಲಿ ಕೇಳು ಎಂದರು. ಹೆಸರುಗಳಿಲ್ಲದೆ ಹೇಳುತ್ತೇನೆ.

ಪುಸ್ತಕದಲ್ಲಿ ಅವಳ ಸಾಲಿನ ಕೆಳಗೆ ಇನ್ನೊಂದು ಸಾಲು ಇದೆ. 1867ರಲ್ಲಿ ಹುಟ್ಟಿದ ಹೆಣ್ಣುಮಗು. ಮದುವೆಯ ಹೊರಗೆ ಹುಟ್ಟಿದ್ದೆಂದು ಪಾದ್ರಿಯ ಗುರುತು, ತಂದೆಯ ಹೆಸರಿಲ್ಲ. ಅವಳ ಸಾಲಿಗೆ ಗೀಟಿದೆ, ಮಗುವಿನ ಸಾಲಿಗೆ ಇಲ್ಲ. ಎರಡು ವರ್ಷದ ಮಗುವನ್ನು ತನ್ನ ತಾಯಿಯ ಬಳಿ ಬಿಟ್ಟು ಅವಳು ಹಡಗು ಹತ್ತಿದ್ದಾಳೆ.

ಈ ಮನೆಯಲ್ಲಿ ಯಾರಿಗೂ ಇದು ಗೊತ್ತಿಲ್ಲ. ನನ್ನ ಮಾವ ಪ್ರತಿ ಭಾನುವಾರ ಚರ್ಚಿಗೆ ಹೋಗುವ, ಹಳೆಯ ಕಾಲದ ಮನುಷ್ಯ. ಎಂಬತ್ತನೆಯ ವಯಸ್ಸಿನಲ್ಲಿ ಅವರಿಗೆ ಇದನ್ನು ಹೇಳಬೇಕೇ?

ಮಳೆಬಿಲ್ಲು, ಬೆಂಗಳೂರು
ಬೇಡ ಅಕ್ಕಾ. ಅವರು ಕೇಳಿದ್ದು ಪೂರ್ವಿಕರ ಊರನ್ನು, ಊರು ಸಿಕ್ಕಿದೆ. ಅವಳು ಬದುಕಿದ್ದಾಗ ಯಾರಿಗೂ ಹೇಳಲಿಲ್ಲವೆಂದರೆ ಅದು ಅವಳ ನಿರ್ಧಾರ. ನೂರೈವತ್ತು ವರ್ಷಗಳ ನಂತರ ಅದನ್ನು ಮುರಿಯಲು ನಾವು ಯಾರು?

ಹಳೆಯ ಕಡತ, ಮೈಸೂರು
ನನ್ನ ಅಭಿಪ್ರಾಯ ಬೇರೆ. ಆ ಮಗುವೂ ಆ ಮನೆಯದೇ. ತಾಯಿಯನ್ನು ಹುಡುಕಿ ಮಗುವನ್ನು ಪುಟದಲ್ಲೇ ಬಿಟ್ಟು ಬಂದರೆ, ಎರಡನೆಯ ಬಾರಿ ಬಿಟ್ಟ ಹಾಗಾಗುತ್ತದೆ. ಹೇಳಿ.

ತುಂಗಾತೀರ, ಶಿವಮೊಗ್ಗ
ಆ ಕಾಲದಲ್ಲಿ ಇದು ಅಪರೂಪವಲ್ಲ ಎಂಬುದನ್ನೂ ಮಾವನವರಿಗೆ ತಿಳಿಸಿ. ಮದುವೆಯಾಗದ ತಾಯಂದಿರು ಅವಮಾನಕ್ಕೆ ಹೆದರಿ ಶಿಶುಹತ್ಯೆ ಮಾಡಬಾರದೆಂದು, ಹೆಸರು ಹೇಳದೆ ಹೆರಲು ಅವಕಾಶ ಕೊಡುವ ಕಾನೂನನ್ನು ಸ್ವೀಡನ್ 1778ರಷ್ಟು ಹಿಂದೆಯೇ ಮಾಡಿತ್ತು. ಇವಳು ಹೆಸರು ಮುಚ್ಚಿಡಲಿಲ್ಲ. ತನ್ನ ಹೆಸರಿನ ಕೆಳಗೆ ಮಗುವನ್ನು ಬರೆಸಿದಳು. ಹಸಿವಿನ ವರ್ಷ, ಮದುವೆಯಿಲ್ಲದ ತಾಯಿ, ಮನೆಗೆಲಸದ ಕರಾರು. ಅವಳಿಗೆ ಎಷ್ಟು ದಾರಿಗಳಿದ್ದವು?

ನಂದಿಬಟ್ಟಲು, ಶಿಕಾಗೊ
ಮೊದಲು ಹೋಗಿ ದುಡಿದು, ಆಮೇಲೆ ಟಿಕೆಟ್ ಕಳುಹಿಸಿ ಕರೆಸಿಕೊಂಡವರು ಲೆಕ್ಕವಿಲ್ಲದಷ್ಟು. ಅಮೆರಿಕದಲ್ಲಿ ಹಣ ಕಟ್ಟಿದ ಟಿಕೆಟ್ ಊರಿನವರ ಕೈಗೆ ಅಂಚೆಯಲ್ಲಿ ಬರುತ್ತಿತ್ತು. ಅವಳ ಮನಸ್ಸಿನಲ್ಲಿಯೂ ಅದೇ ಇದ್ದಿರಬಹುದು. ಮುಂದಿನ ಪುಸ್ತಕ ನೋಡಿ.

ಜೋಳದ ರೊಟ್ಟಿ, ವಿಜಯಪುರ
ಹೇಳಿ ಅಮ್ಮಾ. ಪೆಟ್ಟಿಗೆ ಅವಳದು ಎಂಬುದನ್ನೇ ಆ ಮನೆ ಮರೆತಿತ್ತು. ಗಂಡನ ಪೆಟ್ಟಿಗೆ ಎಂದು ಕಥೆ ಕಟ್ಟಿತ್ತು. ಇನ್ನೆಷ್ಟು ಮರೆಸುವುದು?

ಮಳೆಬಿಲ್ಲು, ಬೆಂಗಳೂರು
ಹಳೆಯ ಕಡತ ಅವರ ಮಾತು ಮನಸ್ಸಿಗೆ ನಾಟಿತು. ಆದರೂ ಒಬ್ಬರೇ ಇರುವಾಗ, ಮೆಲ್ಲಗೆ ಹೇಳಿ ಅಕ್ಕಾ.

ಬೆಳ್ಳಿಚುಕ್ಕಿ, ಸೇಂಟ್ ಪಾಲ್
ಬೇಕಿದ್ದರೆ ನಾನೂ ಬರುತ್ತೇನೆ. ಸೇಂಟ್ ಪಾಲ್‌ನಿಂದ ಅರ್ಧ ಗಂಟೆಯ ದಾರಿ.

ಸೂಜಿಮಲ್ಲಿಗೆ, ಮಿನ್ನೆಸೋಟ
ಹೇಳಿದೆ. ಬೆಳಿಗ್ಗೆ ಅವರ ಅಡುಗೆಮನೆಯಲ್ಲಿ, ನಾವಿಬ್ಬರೇ ಇದ್ದಾಗ. ಪುಟದ ಚಿತ್ರವನ್ನು ಎದುರಿಗಿಟ್ಟು ಎರಡೂ ಸಾಲುಗಳನ್ನು ತೋರಿಸಿದೆ. ಬಹಳ ಹೊತ್ತು ಮಾತಾಡಲಿಲ್ಲ. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು, "ಈ ಹೆಸರನ್ನು ಹೇಗೆ ಉಚ್ಚರಿಸಬೇಕು?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಪಡುವಣ ಗಾಳಿಯವರೇ, ದಯವಿಟ್ಟು ಆ ಹೆಸರನ್ನು ಹೇಳಿ ಧ್ವನಿಮುದ್ರಣ ಕಳುಹಿಸಿ.

ಪೆಟ್ಟಿಗೆಯನ್ನು ನೆಲಮಾಳಿಗೆಯಿಂದ ಮೇಲೆ ತರಿಸಿದ್ದಾರೆ. ಅದರ ತಳ ಒದ್ದೆಯಾಗಿ ಕೊಳೆಯುತ್ತಿತ್ತು.

ಪಡುವಣ ಗಾಳಿ, ಗೋಥೆನ್‌ಬರ್ಗ್
ಕಳುಹಿಸಿದ್ದೇನೆ, ಎರಡು ಬಾರಿ ನಿಧಾನವಾಗಿ ಹೇಳಿದ್ದೇನೆ. ಮುಂದಿನ ಪುಸ್ತಕವನ್ನೂ ನೋಡಿದೆ. ಮಗು ಬದುಕಿದೆ. ಅಜ್ಜಿಯ ಮನೆಯಲ್ಲಿ ಬೆಳೆದಿದ್ದಾಳೆ, ಲಸಿಕೆ ಹಾಕಿಸಿದ್ದಾರೆ, ಓದುವ ಅಂಕಣದಲ್ಲಿ ಒಳ್ಳೆಯ ಗುರುತು ಇದೆ. 1884ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಪೀಗಳಾಗಿ ವೆಕ್ಷೋ ಪಟ್ಟಣಕ್ಕೆ ಹೋಗಿದ್ದಾಳೆ. ಅಲ್ಲಿಂದ ಅಮೆರಿಕಕ್ಕೆ ಬಂದಳೋ, ಸ್ವೀಡನ್ನಿನಲ್ಲೇ ಮದುವೆಯಾದಳೋ, ವೆಕ್ಷೋ ಪುಸ್ತಕ ಹೇಳಬೇಕು. ಆ ಪಟ್ಟಣದಲ್ಲಿಯೇ ವಲಸೆ ಹೋದವರ ವಸ್ತುಸಂಗ್ರಹಾಲಯವೂ ಇದೆ, ಅಲ್ಲಿಯವರಿಗೂ ಕಾಗದ ಬರೆದಿದ್ದೇನೆ. ಪಟ್ಟಣದ ಪುಸ್ತಕ ದಪ್ಪ, ಕೈಬರಹ ಕೆಟ್ಟದು. ಈ ಶನಿವಾರ ಬೆಳಿಗ್ಗೆಯಿಂದಲೇ ಕೂರುತ್ತೇನೆ.

ಸೂಜಿಮಲ್ಲಿಗೆ, ಮಿನ್ನೆಸೋಟ
ಮಾವನವರು ಶನಿವಾರ ಫೋನಿನ ಪಕ್ಕದಲ್ಲೇ ಇರುತ್ತಾರಂತೆ.